ಮೂಲೆಯ ಅರಳೆ

ಹತ್ತಿ ಹಿಂಜುವಾಗ ಭಾರದ ಎಳೆಗಳು ಕಾಲಬುಡದಲ್ಲೇ ಬೀಳುತ್ತವೆ. ಹಗುರವಾದದ್ದು ಹಾರಿಹೋಗಿ ಗೋಡೆಯ ಮೂಲೆಯಲ್ಲಿ ಕೂರುತ್ತದೆ. ಆ ಮೂಲೆಯ ಅರಳೆಯಷ್ಟು ಮೆತ್ತಗಿನದು ಲೋಕದಲ್ಲೇ ಇಲ್ಲವೆಂದು ಹಾಸಿಗೆ ಹೊಲಿಯುವವನ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಅದನ್ನು ಯಾವ ಗಿರಾಕಿಗೂ ಕೊಡುತ್ತಿರಲಿಲ್ಲ. ಅದೆಲ್ಲ ಹೆಂಡತಿಯ ದಿಂಬಿಗೆ.

ಪಾಪ, ಅವಳಿಗೆ ಅರೆತಲೆನೋವು. ಬಂತೆಂದರೆ ಎರಡು ದಿನ ಕಿಟಕಿ ಮುಚ್ಚಿ, ಒಂದು ಕಣ್ಣು ಒತ್ತಿಕೊಂಡು ಮಲಗುವಳು. ಅದಕ್ಕೆ ಮುಂಚೆ ಸಾಲುಸಾಲು ಸೀನು. ನಿನ್ನ ಸೀನಿಗೆ ಅಂಗಡಿಯ ಹತ್ತಿಯೆಲ್ಲ ಹಾರಿಹೋಗುತ್ತೆ ಕಣೇ ಎಂದು ಅವನು ಛೇಡಿಸಿದರೆ ಮೂಗೊರೆಸಿಕೊಂಡು ನಗುವಳು. ಎಂಥ ದಿನಗಳು ಅವು! ನೋವು ಬಂದಾಗಲೆಲ್ಲ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು, ಮೂಲೆಯ ಅರಳೆ ಬಾಚಿ ಹೊಸ ದಿಂಬು ತುಂಬಿ, ಅವಳ ತಲೆ ಮೆಲ್ಲಗೆ ಎತ್ತಿ ಕೆಳಗಿಡುತ್ತಿದ್ದ. ಬಾಯಿಬಿಟ್ಟು ಮುದ್ದಿನ ಮಾತಾಡಲು ಬಾರದ ಗಂಡಸು, ಬರುತ್ತಿದ್ದುದು ಇದೊಂದೇ.

ಅವಳು ತೀರಿಹೋಗಿ ಆರು ವರ್ಷದ ಮೇಲೆ, ಅಂಗಡಿಯಲ್ಲಿ ಗವಸು ಹೊಲಿಯುವ ಮಗಳಿಗೂ ಅದೇ ನೋವು ಶುರುವಾಯಿತು. ಕರೆದುಕೊಂಡು ಹೋದರೆ ಡಾಕ್ಟರಮ್ಮ ತಲೆ ಬಿಟ್ಟು ಮೂಗಿನ ವಿಚಾರಣೆಗೆ ಇಳಿದರು. ಸೀನು ಬರುತ್ತದೆಯೇ, ಮೂಗು ಕಟ್ಟುತ್ತದೆಯೇ, ಕಣ್ಣು ತುರಿಸುತ್ತದೆಯೇ? ಇದೆಂಥ ಡಾಕ್ಟರಪ್ಪಾ ಎಂದು ಅವನು ಒಳಗೊಳಗೇ ಗೊಣಗಿದ. ಮೂಗಿನ ಅಲರ್ಜಿ ಇರುವ ಕೆಲವರಿಗೆ ಮೈಗ್ರೇನ್ ಹೆಚ್ಚು ಕಾಡುವುದುಂಟು, ಅದರಿಂದಲೇ ಇದು ಎಂದು ಖಡಾಖಂಡಿತವಾಗಿ ಹೇಳಲಾಗದು, ಆದರೂ ಧೂಳಿನಿಂದ ದೂರವಿಟ್ಟು ನೋಡಿ ಅಂದರು ಆಕೆ. ಹಿಂಜುವಾಗ ಹಾರಿ ಮೂಲೆ ಸೇರುತ್ತದಲ್ಲ, ಆ ನಯವಾದ ಧೂಳೇ ಮೂಗಿಗೆ ಶತ್ರುವಂತೆ.

ಮನೆಗೆ ಬಂದ ಮುದುಕ ಊಟ ಮುಟ್ಟಲಿಲ್ಲ. ಇಪ್ಪತ್ತೆಂಟು ವರ್ಷ ಅವಳ ತಲೆಯಡಿಗೆ ತನ್ನ ಕೈಯಾರೆ ನೋವನ್ನೇ ತುಂಬಿಟ್ಟೆನೇ? ಕೇಳೋಣವೆಂದರೆ ಅವಳಿಲ್ಲ. ತಡೆಯಲಾರದೆ ಕೊನೆಗೆ ಮಗಳನ್ನೇ ಕೇಳಿದ.

"ನಿಮ್ಮಮ್ಮನ ತಲೆನೋವಿಗೆ ನಾನೇ ಕಾರಣ ಇರಬಹುದೇನಮ್ಮ?"

ಮಗಳು ಸುಳ್ಳಾಡುವವಳಲ್ಲ.

"ಇರಬಹುದಪ್ಪ. ಆ ದಿಂಬು ಆಗಿಬರಲ್ಲ ಅಂತ ಅಮ್ಮಂಗೆ ಗೊತ್ತಿತ್ತು. ನೀವು ಅಂಗಡಿಗೆ ಹೋದ್ಮೇಲೆ ತೆಗೆದು ಪಕ್ಕಕ್ಕಿಡೋಳು. ನಿಮ್ಮ ಚಪ್ಪಲಿ ಸದ್ದು ಕೇಳಿದ ಕೂಡ್ಲೇ ಮತ್ತೆ ತಲೆ ಕೆಳಗೆ ಹಾಕ್ಕೊಳ್ಳೋಳು. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ಲು."

ಹೆಂಡತಿಯ ಮೇಲೆ ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಗಳಗಳ ಅತ್ತುಬಿಟ್ಟ.