ಬೆಲ್ಲದ ಪಕ್ಕದ ಗುಳಿಗೆ

ನಾವು ಮುಚ್ಚಿಟ್ಟಿದ್ದನ್ನೂ ಕಂಡು ಸಹಿಸುವ ಅಲಂಪುರದ ತಾಯಿಗೆ ಕೈಮುಗಿದು, ಈ ಮುಪ್ಪಿನಲ್ಲೂ ನಾಲ್ಕಕ್ಷರ ಬರೆಯಲು ಬಿಟ್ಟ ಅವಳ ಋಣವನ್ನು ನೆನೆದು ಆರಂಭಿಸುತ್ತೇನೆ.

ಮಿತ್ರರೇ, ನಮ್ಮ ಮನೆಗಳಲ್ಲಿ ಹೆಂಗಸಿನ ಒಳಬೇನೆ ಯಾವುದಿದ್ದರೂ ಅದಕ್ಕೆ ಹೆಸರು ಉಷ್ಣವೆಂದೇ. ಔಷಧ, ರಾತ್ರಿ ನೆನೆಸಿಟ್ಟ ಜೀರಿಗೆಯ ನೀರು. ನನ್ನ ತಮ್ಮನ ಮಗಳು ಗೌರಿ, ಮಕ್ತಲಕ್ಕೆ ಸೊಸೆಯಾಗಿ ಹೋದವಳು, ಬಿಳಿಮುಟ್ಟಿಗೆಂದು ಆ ನೀರನ್ನು ತಿಂಗಳುಗಟ್ಟಲೆ ಕುಡಿದಳು. ಕೈಯಲ್ಲಿ ಎರಡು ಕೂಸುಗಳಿರುವಾಗಲೇ ಮತ್ತೆ ಬಸಿರಾಯಿತು. ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದ ಗಂಡ ಫೋನಿನಲ್ಲೇ ಬೇಡವೆಂದ. ಸೋತ ಮೈಯ ಅವಳಿಗೂ ಬೇಕಿರಲಿಲ್ಲ. ಹತ್ತಿರದ ನಾರಾಯಣಪೇಟೆಯಲ್ಲಾದರೆ ಗುರುತಿನವರು ಕಂಡಾರೆಂದು, ನನ್ನನ್ನು ಕರೆದುಕೊಂಡು ಗದ್ವಾಲದ ಆಸ್ಪತ್ರೆಗೆ ಹೊರಟಳು. ಬಸಿರು ತೆಗೆಸುವುದು ಪಾಪವೆನ್ನುವ ಧರ್ಮಶಾಸ್ತ್ರದ ಶ್ಲೋಕಗಳು ನನಗೆ ಕಂಠಸ್ಥ. ಬಸ್ಸಿನ ಕಿಟಕಿಗೆ ತಲೆಯಾನಿಸಿದ ಆ ಬಾಡಿದ ಮುಖದೆದುರು ಒಂದೂ ತುಟಿಗೆ ಬರಲಿಲ್ಲ.

‘ತೆಗಿಯೋಕಿಂತ ಮುಂಚೆ ಸೋಂಕಿನ ಪರೀಕ್ಷೆ ಮಾಡಬೇಕಮ್ಮ, ಗಂಡ-ಹೆಂಡ್ತಿ ಕೂಡೋದ್ರಿಂದ ಬರೋವು’ ಎಂದಳು ಅಲ್ಲಿಯ ನರ್ಸು.

‘ನಾ ಅಂಥಾಕಿ ಅಲ್ರೀ.’

‘ನಿನ್ನ ನಡತಿ ಯಾರು ಕೇಳ್ಯಾರ? ಕಲೆಕ್ಟರ್ ಹೆಂಡ್ತಿ ಬಂದ್ರೂ ಇದ ಪರೀಕ್ಷೆ. ಸೋಂಕಿದ್ರ ಗರ್ಭಚೀಲಕ್ಕ ಏರತೈತಿ, ಅದಕ್ಕ.’

ಸೋಂಕು ಇತ್ತು. ಔಷಧ ಕೊಟ್ಟರು, ಗರ್ಭವನ್ನೂ ತೆಗೆದರು. ಹೊರಡುವಾಗ ನರ್ಸು ಗುಳಿಗೆಗಳ ಇನ್ನೊಂದು ಪೊಟ್ಟಣವಿತ್ತಳು. ‘ಇವು ನಿಮ್ಮ ಮನಿಯವರಿಗೆ. ಅವರು ತಿನ್ನದ ಕೂಡಿದ್ರ ನಿನಗ ಮತ್ತ ಬರತೈತಿ.’

ಬಸ್ಸಿನಲ್ಲಿ ಗೌರಿ ಮೆಲ್ಲಗೆ, ‘ಅತ್ತಿ, ನನಗ ಹೊಲ ಬಿಟ್ರ ಮನಿ. ಇದು ಎಲ್ಲಿಂದ ಬಂತು?’ ಎಂದಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ಮುಟ್ಟು, ಮೈಲಿಗೆ, ಸೂತಕವೆಂದು ಹೆಂಗಸಿನ ಮೈಯನ್ನೇ ಅಳೆದಳೆದು ಇಟ್ಟ ನಾವು, ಊರೂರು ಸುತ್ತಿ ಬಂದವನನ್ನು ಮಾತ್ರ ಕಾಲಿಗೆ ಒಂದು ತಂಬಿಗೆ ನೀರು ಸುರಿದುಕೊಂಡೊಡನೆ ಶುದ್ಧನೆಂದು ಒಳಗೆ ಕರೆದೆವಲ್ಲ!

ದೀಪಾವಳಿಗೆ ಗೌರಿಯ ಗಂಡ ಬಂದಾಗ ನಾನು ಮಕ್ತಲದಲ್ಲೇ ಇದ್ದೆ. ಬಿಸಿಲಿನಿಂದ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಪದ್ಧತಿ. ಗೌರಿ ಬೆಲ್ಲದ ಪಕ್ಕದಲ್ಲಿ ಗುಳಿಗೆಗಳನ್ನೂ ಇಟ್ಟು ತಂದಳು.

‘ಬ್ಯಾನಿ ನಿನಗ, ಗುಳಿಗಿ ನನಗ? ಚಲೋ ಐತಿ ನಿಮ್ಮ ಗದ್ವಾಲ ದವಾಖಾನಿ’ ಎಂದು ನಕ್ಕ. ಬೆಲ್ಲ ತಿಂದ, ನೀರು ಕುಡಿದ, ತಟ್ಟೆಯನ್ನು ಸರಿಸಿದ.

‘ನಿಮ್ಮ ಹಾಸಿಗಿ ಪಡಸಾಲ್ಯಾಗ ಹಾಕೀನ್ರಿ’ ಎಂದಳು ಗೌರಿ. ‘ಅವನ್ನ ತಿನ್ನೋತನಕ ಅಲ್ಲೇ.’

‘ಹಂಗಾದ್ರ ಪುಣೆ ಏನ್ ದೂರ?’

ಅವಳು ತಟ್ಟೆಯಲ್ಲಿದ್ದ ಗುಳಿಗೆಗಳನ್ನು ಮತ್ತೆ ಪೊಟ್ಟಣಕ್ಕೆ ಹಾಕಿದಳು. ಮರುದಿನ ಹಬ್ಬದೂಟಕ್ಕೂ ನಿಲ್ಲದೆ ಹೊರಟುಬಿಟ್ಟ. ಮುಂದಿನ ದುಡ್ಡು ಬಂದೀತೋ ಇಲ್ಲವೋ, ಅವನೇ ಬಂದಾನೋ ಇಲ್ಲವೋ ಎಂಬ ಭಯವಿದ್ದರೂ ಗೌರಿ ತಡೆಯಲಿಲ್ಲ. ಪೊಟ್ಟಣವನ್ನು ಅವನ ಚೀಲದ ಮೇಲ್ಜೇಬಿಗೆ ಸೇರಿಸಿ, ‘ನೀರಾಗ ನುಂಗ್ರಿ’ ಎಂದಷ್ಟೇ ಹೇಳಿದಳು.

ನಡತೆ ಕೇಳದೆ ನಾಡಿ ಹಿಡಿದ ಆ ನರ್ಸಿಗೆ ಒಳಿತಾಗಲಿ. ಒಂಟಿಯಾಗಿ ಅಗುಳಿ ಹಾಕಿಕೊಂಡು ಮಲಗುವ ನನ್ನ ಗೌರಿಯ ಮೈ ಗಟ್ಟಿಯಾಗಿರಲಿ. ಪುಣೆಯಲ್ಲಿ ಯಾವುದೋ ಶೆಡ್ಡಿನೊಳಗೆ ಚೀಲ ಬಿಚ್ಚುವ ಅವನಿಗೂ ಒಳಿತಾಗಲಿ. ಅವನ ಕೈ ಆ ಮೇಲ್ಜೇಬಿನವರೆಗೆ ಹೋಗಲಿ.