ಜೀರೋ ಬಲ್ಬಿನ ಕೆಳಗೆ ಅವ್ವ

ನಮ್ಮವ್ವನ ಫೋಟೋ ಜಗತ್ತಿನಲ್ಲಿ ಒಂದೇ ಒಂದು ಇತ್ತು. ಅದನ್ನು ಶಾಶ್ವತವಾಗಿ ಉಳಿಸಲು ಹೊರಟು ಹಾಳುಮಾಡಿದ ಕೀರ್ತಿ ಪೂರ್ತಿಯಾಗಿ ನನಗೇ ಸಲ್ಲಬೇಕು. ಅದರಲ್ಲಿ ಪಾಲು ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ.

ಫೋಟೋದಲ್ಲಿ ಮೂವರಿದ್ದೆವು. ಕುರ್ಚಿಯ ಮೇಲೆ ಅವ್ವ, ಪಕ್ಕದಲ್ಲಿ ನಿಂತ ಒಂಬತ್ತು ವರ್ಷದ ಅಕ್ಕ, ಅವ್ವನ ತೊಡೆಯ ಮೇಲೆ ಎರಡು ವರ್ಷದ ನಾನು. ಫೋಟೋ ತೆಗೆಯುವ ಗಳಿಗೆಗೆ ಸರಿಯಾಗಿ ನಾನು ಒದ್ದಾಡಿದ್ದರಿಂದ ನನ್ನ ಜಾಗದಲ್ಲಿ ಒಂದು ಬಿಳಿ ಮಸಕು ಮಾತ್ರ ಬಂದಿತ್ತು. ಅದೇ ವರ್ಷ ಅವ್ವ ತೀರಿಕೊಂಡಳು. ಹಾಗಾಗಿ ಅವ್ವನ ಮುಖ ನನಗೆ ಆ ಕಾಗದ ನೋಡಿ ಗೊತ್ತು, ಅಕ್ಕನಿಗೆ ಮುಖವನ್ನೇ ನೋಡಿ ಗೊತ್ತು. ಅವ್ವನನ್ನು ಕಂಡವರು ಒಬ್ಬೊಬ್ಬರಾಗಿ ಹೋಗಿ ಕಡೆಗೆ ಉಳಿದ ಸಾಕ್ಷಿ ಅಕ್ಕ ಒಬ್ಬಳೇ.

ಟಿ. ದಾಸರಹಳ್ಳಿಯ ಅಕ್ಕನ ಮನೆಯಲ್ಲಿ, ಮುಂಬಾಗಿಲಿಗೆ ಎದುರಾದ ಗೋಡೆಯ ಮೇಲೆ ಆ ಫೋಟೋ ಇತ್ತು. ಬಾಗಿಲು ತೆಗೆದರೆ ಬೆಳಗಿನ ಬಿಸಿಲು ನೇರವಾಗಿ ಅವ್ವನ ಮೇಲೆ ಬೀಳುತ್ತಿತ್ತು. ಬಿಸಿಲು ಸಾಲದೆಂದು ಫೋಟೋದ ನೆತ್ತಿಯ ಮೇಲೆ ಒಂದು ಜೀರೋ ಬಲ್ಬು, ಕರೆಂಟು ಇರುವಷ್ಟೂ ಹೊತ್ತು ಉರಿಯುತ್ತಿತ್ತು. ಶುಕ್ರವಾರ ಅಕ್ಕ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಅವ್ವನ ಹಣೆಯ ನೇರಕ್ಕೆ ಕುಂಕುಮವಿಟ್ಟು, ಎರಡು ಊದುಬತ್ತಿ ಸಿಕ್ಕಿಸುವಳು. ಇಷ್ಟೆಲ್ಲ ಹಿಂಸೆಯ ನಡುವೆಯೂ ಆ ಹಳೆಯ ಸ್ಟುಡಿಯೋ ಪ್ರಿಂಟು ಐವತ್ತೆಂಟು ವರ್ಷ ಕಪ್ಪನ್ನು ಕಪ್ಪಾಗಿ, ಬಿಳುಪನ್ನು ಬಿಳುಪಾಗಿ ಇಟ್ಟುಕೊಂಡಿತ್ತು. ಅದು ಬಾಳಿಕೆ ಬಂದದ್ದು ಯಾರೂ ಅದರ ಬಾಳಿಕೆಯ ಬಗ್ಗೆ ಯೋಚಿಸದೆ ಇದ್ದದ್ದರಿಂದ ಎಂದು ಈಗ ಅನಿಸುತ್ತದೆ.

2008ರಲ್ಲಿ ನಾನು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಿಂದ ನಿವೃತ್ತನಾಗಿ ಯೋಚಿಸಲು ಶುರುಮಾಡಿದೆ. ಸಂಜಯನಗರದ ಮನೆಗೆ ಸ್ಕ್ಯಾನರು ಬಂತು, ಪ್ರಿಂಟರು ಬಂತು. ಅಕ್ಕನ ಮನೆಗೆ ಹೋಗಿ ಫೋಟೋ ಕೇಳಿದೆ.

"ಏನ್ ಮಾಡಾಕ್ಲಾ?"

"ಕಂಪ್ಯೂಟರಿಗೆ ಹಾಕಿಡ್ತೀನಿ ಅಕ್ಕ. ಹಾಳಾಗಲ್ಲ."

"ಈಗೇನ್ ಆಳಾಗೈತೆ?" ಎಂದಳು. ಆದರೂ ಇಳಿಸಿ ಕೊಟ್ಟಳು. ತಮ್ಮ ಓದಿದವನು.

ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಪ್ರತಿ ಶುಕ್ರವಾರದ ಒದ್ದೆ ಬಟ್ಟೆಯ ನೀರು ಅಂಚಿನಿಂದ ಇಳಿದು ಇಬ್ಬರನ್ನೂ ಒಂದುಮಾಡಿತ್ತು. ಯಾವುದಕ್ಕೂ ಇರಲಿ ಎಂದು ಗಾಜಿನ ಸಮೇತ ಒಂದು ಸಲ ಸ್ಕ್ಯಾನ್ ಮಾಡಿದೆ. ಚಿತ್ರ ಸ್ವಲ್ಪ ಮಬ್ಬಾಗಿ, ಅವ್ವನ ಎಡಗೆನ್ನೆಯ ಮೇಲೆ ಗಾಜಿನ ಹೊಳಪು ಬಿಳಿ ಪಟ್ಟೆಯಾಗಿ ಬಂತು. ಮೂವತ್ತಾರು ವರ್ಷ ಕೂದಲೆಳೆ ಅಳತೆಯಲ್ಲಿ ಗೆರೆ ಎಳೆದವನಿಗೆ ಇದು ಒಪ್ಪಿಗೆಯಾಗಲಿಲ್ಲ. ಬ್ಲೇಡು ತಂದೆ. ಒಂದು ಮೂಲೆಯಿಂದ ನಯವಾಗಿ ಎಬ್ಬಿಸಿದೆ. ಕಾಗದ ನನ್ನ ಕಡೆ ಬಂತು, ಅವ್ವ ಗಾಜಿನ ಕಡೆ ಹೋದಳು. ಗಾಜಿನ ಮೇಲೆ ಹಪ್ಪಳದಂತೆ ಎದ್ದ ಚೂರುಗಳನ್ನು ಉಸಿರು ಬಿಗಿಹಿಡಿದು ನೋಡುತ್ತಾ ಕೂತೆ. ಉಸಿರು ಬಿಟ್ಟಾಗ ಅರ್ಧ ಹಾರಿಹೋದವು.

ಅಕ್ಕನಿಗೆ ಹೇಳಲಿಲ್ಲ. ಮಬ್ಬು ಸ್ಕ್ಯಾನನ್ನೇ ಪ್ರಿಂಟು ತೆಗೆದು, ಹೊಸ ಗಾಜು ಹಾಕಿಸಿ, ಹಳೇ ಚೌಕಟ್ಟಿನಲ್ಲಿಟ್ಟು ಒಯ್ದೆ. ಅಕ್ಕ ಕೈಗೆ ತಗೊಂಡು ಬಾಗಿಲ ಬೆಳಕಿಗೆ ಹಿಡಿದಳು.

"ಲೇ, ಅವ್ವ ಅಸ್ರಾಗವ್ಳಲ್ಲೋ!"

ಹಸಿರಾಗಿದ್ದಳು, ನಿಜ. ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನೋಡಿದಾಗ ಗುಲಾಬಿಯಾಗಿದ್ದಳು. ಸಾದಾ ಪ್ರಿಂಟರಿಗೆ ಬೂದು ಬಣ್ಣ ಅಂದರೆ ನೀಲಿ, ಹಳದಿ, ಗುಲಾಬಿ ಮೂರನ್ನೂ ಕಲಸಿದ ಪಲ್ಯ. ಒಂದೊಂದು ಬೆಳಕಿಗೆ ಒಂದೊಂದು ಬಣ್ಣ ಮೇಲೆದ್ದು ಕೂರುತ್ತದೆ. ಇದನ್ನು ಅಕ್ಕನಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, "ಅಳೇದು ಎಲ್ಲೋ?" ಎಂದಳು.

ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನೀನಂತೂ ಮೊದ್ಲಿಂದ್ಲೂ ಮಸ್ಕು," ಎಂದಳು. "ಈಗ ಅವ್ವನ್ನೂ ಮಾಡ್ದೆ."

ಆಮೇಲೆ ರಿಪೇರಿ ಕೆಲಸ. ಬಿಳಿ ಪಟ್ಟೆ ನುಂಗಿದ್ದ ಎಡಗೆನ್ನೆಯನ್ನು ಹೊಸದಾಗಿ ಬರೆಯಬೇಕಿತ್ತು. ಅಕ್ಕ ಒಂದು ವಾರ ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಅವಳು ಹೇಳುವಳು, ನಾನು ತಿದ್ದುವೆನು. "ಇನ್ನೂ ತುಂಬ್ಕೊಂಡಿತ್ತು ಕಣ್ಲಾ. ಆ... ಅಂಗೆ. ನಕ್ರೆ ಒಂದ್ ಗುಳಿ ಬೀಳ್ತಿತ್ತು." ಬೋಲ್ಟು ನಟ್ಟು ಬರೆದ ಕೈ ಅವ್ವನ ಕೆನ್ನೆಗೆ ಗುಳಿ ಬರೆಯಿತು. ಕಡೆಗೆ ಅಕ್ಕ ಪರದೆಯ ಮೇಲೆ ಬೆರಳಿಟ್ಟು, "ಇವ್ಳೇ," ಎಂದಳು. ಆ ಒಂದು ಮಾತಿಗೆ ಕಾರ್ಖಾನೆಯವರು ಕೊಟ್ಟ ಶಾಲು ಹಾರ ಎಲ್ಲ ನಿವಾಳಿಸಬೇಕೆನಿಸಿತು.

ಹಾಗೆ ತಿದ್ದಿದ ಚಿತ್ರದ ಪ್ರಿಂಟು ಗೋಡೆ ಏರಿ ಒಂದೂವರೆ ವರ್ಷ ಬಾಳಿಕೆ ಬಂತು. ಬಿಸಿಲು, ಬಲ್ಬು, ಊದುಬತ್ತಿ ಹೊಗೆ, ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಬೀಸುವ ಗಾಳಿ ಎಲ್ಲ ಕೂಡಿ ಅವ್ವನನ್ನು ಕಾಮಾಲೆ ರೋಗಿಯನ್ನಾಗಿ ಮಾಡಿದವು. ನಾನು ಯಶವಂತಪುರದಲ್ಲಿ ಇಂಕು ತುಂಬಿಕೊಡುವ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಬಾಟಲಿ ತೆಗೆದು ಕೌಂಟರಿನ ಮೇಲೆ ಕುಟ್ಟಿದ.

"ನೂರು ವರ್ಷ ಗ್ಯಾರಂಟಿ ಸಾರ್."

"ನೂರು ವರ್ಷದೊಳಗೆ ಹೋದ್ರೆ ಯಾರನ್ನ ಕೇಳೋದಪ್ಪಾ?"

"ನಿಮ್ ಮೊಮ್ಮಗನ್ನ ಕಳ್ಸಿ ಸಾರ್, ನನ್ ಮೊಮ್ಮಗ ಇರ್ತಾನೆ."

ಮೊಮ್ಮಕ್ಕಳ ಭೇಟಿ ನಡೆಯುವ ಲಕ್ಷಣವಿಲ್ಲ. ಎರಡು ವರ್ಷದಲ್ಲಿ ಅಲ್ಲಿ ಮೊಬೈಲ್ ಕವರ್ ಅಂಗಡಿ ಬಂತು. ಆದರೂ ಆ ಇಂಕು ಮೊದಲಿನದಕ್ಕಿಂತ ಮೇಲು. ಅದರಲ್ಲಿ ತೆಗೆದ, ತಿದ್ದಿದ ಚಿತ್ರದ ಎರಡನೆಯ ಪ್ರಿಂಟು ಒಂದೇ ಸಲಕ್ಕೆ ಹೋಗಲಿಲ್ಲ. ಬಹಳ ಮರ್ಯಾದೆಯಿಂದ, ಮನೆಯವರ ಗಮನಕ್ಕೆ ಬಾರದಂತೆ, ವರ್ಷಕ್ಕಿಷ್ಟು ಎಂದು ಹೋಗುತ್ತಿತ್ತು. ದಿನಾ ನೋಡುವ ಅಕ್ಕನಿಗೆ ಅದು ಕಾಣುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಹೋಗುವ ನನಗೆ ಕಾಣುತ್ತಿತ್ತು.

"ಆ ಬಲ್ಬ್ ತೆಗಿ ಅಕ್ಕ. ಪಕ್ಕದ ಗೋಡೆಗಾದ್ರೂ ಹಾಕು, ಬಿಸಿಲು ಬೀಳಲ್ಲ."

"ಕತ್ಲಲ್ಲಿ ಕೂರ್ಸಾಕೆ ಅವ್ವ ಏನ್ ತಪ್ ಮಾಡವ್ಳೆ? ಇಲ್ಲಿದ್ರೆ ಯಾರ್ ಬತ್ತಾರೆ ಯಾರ್ ಓಯ್ತಾರೆ ನೋಡ್ತಾಳೆ."

"ಬೆಳಕಲ್ಲಿಟ್ರೆ ಹೋಗ್ಬಿಡುತ್ತೆ ಕಣಕ್ಕ."

"ನೋಡಾಕೇ ಇಲ್ದಿದ್ ಮ್ಯಾಕೆ ಇದ್ರೇನ್ಲಾ, ಓದ್ರೇನ್ಲಾ?"

ಈ ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರ ಕೊಡಬೇಕೆಂದು ಅವ್ವನ ಇನ್ನೊಂದು ಪ್ರಿಂಟು ತೆಗೆದು, ಅರ್ಧ ಮುಖಕ್ಕೆ ರಟ್ಟು ಮುಚ್ಚಿ, ಬೀದಿ ಕಡೆಯ ಕಿಟಕಿ ಗಾಜಿಗೆ ಅಂಟಿಸಿದೆ. ಬಿಸಿಲಿಗೆ ಯಾವ ಪಾಲು ಎಷ್ಟು ಹೋಗುತ್ತದೆ ಎಂದು ಅಳೆಯುವ ಕ್ರಮ ಇದು. ಹೆಂಡತಿ ಕಾಫಿ ತಂದವಳು ನಿಂತುಬಿಟ್ಟಳು.

"ಏನ್ರೀ ಇದು, ಅತ್ತೇನ ಅರ್ಧಂಬರ್ಧ ಕಿಟಕಿಗೆ ಅಂಟ್ಸಿದೀರ?"

ಮಾರನೆಯ ದಿನ ಎದುರುಮನೆಯವರು ಗೇಟಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಾವಾಗ ಹೋದ್ರು ಸಾರ್?" ಎಂದರು.

"ಅರವತ್ತು ವರ್ಷ ಆಯ್ತು."

"ಛೆ, ಛೆ," ಎಂದು ಸಂತಾಪ ಸೂಚಿಸಿಯೇ ಹೋದರು.

ಎರಡು ಬೇಸಿಗೆ ಕಳೆದು ರಟ್ಟು ತೆಗೆದೆ. ಮುಚ್ಚಿದ ಅರ್ಧ ಹೊಸದರಂತೆ ಇತ್ತು. ಬೀದಿ ನೋಡುತ್ತಿದ್ದ ಅರ್ಧದಲ್ಲಿ ಹುಬ್ಬು, ಮೂಗುತಿ ಬಿಟ್ಟರೆ ಹಾಲುಬಣ್ಣದ ಹೊಗೆ. ಫಲಿತಾಂಶ ಸ್ಪಷ್ಟವಾಗಿತ್ತು: ಯಾರೂ ನೋಡದಿದ್ದರೆ ಅವ್ವ ಬಹುಕಾಲ ಇರುತ್ತಾಳೆ. ಅಕ್ಕನಿಗೆ ಈ ಫಲಿತಾಂಶವನ್ನು ತಿಳಿಸುವ ಧೈರ್ಯ ಬರಲಿಲ್ಲ.

ಕಡೆಗೆ ಕಾರ್ಬನ್ ಇಂಕಿನ ವಿಷಯ ತಿಳಿಯಿತು. ದೀಪದ ಕಾಡಿಗೆಯ ಜಾತಿಯದು. ನೀಲಿ ಹಳದಿಗಳ ಸಹವಾಸವಿಲ್ಲ, ಬರೀ ಕಪ್ಪನ್ನೇ ತೆಳು ಮಾಡಿ ಮಾಡಿ ಬೂದು ಮಾಡುವುದು. ಬೆಳಕಿಗೆ ಜಗ್ಗುವುದಿಲ್ಲ ಎಂದು ಬಲ್ಲವರು ಹೇಳಿದರು. ತರಿಸಿದೆ. ಆದರೆ ಅದು ಪ್ರಿಂಟರಿನ ಸೂಜಿಗಣ್ಣಿನಂಥ ರಂಧ್ರಗಳಲ್ಲಿ ಒಂದೇ ದಿನದಲ್ಲಿ ಗಟ್ಟಿಯಾಗಿಬಿಡುತ್ತಿತ್ತು. ದಿನಕ್ಕೊಂದು ಹಾಳೆ ಗೆರೆ ಹೊಡೆಯದಿದ್ದರೆ ಕಟ್ಟಿಕೊಂಡಿತೆಂದೇ ಅರ್ಥ. ಹೀಗಾಗಿ ಬೆಳಿಗ್ಗೆ ಎದ್ದು ಮುಖ ತೊಳೆದು ಪ್ರಿಂಟರಿಗೆ ಹಾಳೆ ಅರ್ಪಿಸುವುದು ನನ್ನ ನಿತ್ಯಕರ್ಮವಾಯಿತು. "ದೇವ್ರ ಪೂಜೆನಾದ್ರೂ ಒಂದಿನ ತಪ್ಪುತ್ತೆ, ಇದು ತಪ್ಪಲ್ಲ," ಎಂದು ಹೆಂಡತಿ ಅಡುಗೆಮನೆಯಿಂದ ಮಂಗಳಾರತಿ ಎತ್ತುತ್ತಿದ್ದಳು. ಮೂರು ಪ್ರಿಂಟರು ಆ ಪೂಜೆಯಲ್ಲಿ ಸಮರ್ಪಿತವಾದವು. ನಾಲ್ಕನೆಯದು 2018ರಲ್ಲಿ ಮಣಿಯಿತು.

ಆ ಪ್ರಿಂಟನ್ನು ನಾನೇ ಹೊಗಳಿಕೊಳ್ಳಬೇಕು. ಟ್ಯೂಬ್‌ಲೈಟಿನಲ್ಲಿ ಬೂದು, ಬಿಸಿಲಲ್ಲೂ ಬೂದು. ಕಪ್ಪು ಬಾವಿಯಷ್ಟು ಆಳ. ಸೀರೆಯ ಅಂಚಿನ ಚೌಕುಳಿ ಎಣಿಸಬಹುದಿತ್ತು. ಆ ಭಾನುವಾರ ಅದನ್ನು ರಟ್ಟಿನ ನಡುವೆ ಇಟ್ಟುಕೊಂಡು, ಮೆಟ್ರೋದಲ್ಲಿ ಯಾರೂ ಒರಗದಂತೆ ಎದೆಗೆ ಅಡ್ಡ ಹಿಡಿದು ದಾಸರಹಳ್ಳಿಗೆ ಹೋದೆ.

ಅಕ್ಕನಿಗೆ ಆಗ ಎಪ್ಪತ್ತೇಳು. ಪೊರೆ ತೆಗೆಸಿಕೊಂಡು ಕಣ್ಣು ಚುರುಕಾಗಿದ್ದವು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗೋಡೆಯ ಮೇಲಿನ ಎರಡನೆಯ ಪ್ರಿಂಟು ಅಷ್ಟರಲ್ಲಿ ಏಳು ವರ್ಷ ಬಿಸಿಲು ಕಂಡು, ಹೆಸರುಕಾಳು ನೆನೆಸಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಮುಖ ಎಂಬುದು ಎರಡು ಕಣ್ಣಿನ ಗುರುತು, ಒಂದು ಮೂಗಿನ ನೆರಳು, ಗಾಜಿನ ಮೇಲಿನ ಕುಂಕುಮ.

ಹೊಸದನ್ನು ಅವಳ ಮುಂದೆ ಹಿಡಿದೆ. ಸುಮಾರು ಹೊತ್ತು ನೋಡಿದಳು.

"ಯಾರ್ಲಾ ಇದು?"

"ಅವ್ವ."

"ಯಾರವ್ವ?"

"ನಮ್ಮವ್ವ ಕಣಕ್ಕ! ಪಕ್ಕದಲ್ಲಿ ನೀನೇ ನಿಂತಿದೀಯಲ್ಲ."

"ನಾನೇನೋ ನಾನೇ. ಇವ್ಳಲ್ಲ ಬುಡು. ಯಾವ್ದೋ ಗಟ್ಟಿಗಿತ್ತಿ ಇದ್ದಂಗವ್ಳೆ." ಮೊರದಿಂದ ಕೈಯೆತ್ತಿ ಗೋಡೆ ತೋರಿಸಿದಳು. "ಅವ್ವ ಅಗೋ, ಅಲ್ಲವ್ಳೆ."

"ಅದು ಹಾಳಾಗಿರೋದು ಅಕ್ಕ. ಇದು ನೀನೇ ಕೂತು ತಿದ್ದಿಸಿದ್ದು. ಕೆನ್ನೆ ನೋಡು, ಗುಳಿ ನೋಡು."

"ಗುಳಿ ಬೀಳ್ತಿದ್ದುದು ಚಿಕ್ಕವ್ವಂಗೆ," ಎಂದಳು. ಅನುಮಾನವೇ ಇಲ್ಲದ ದನಿ. ಹತ್ತು ವರ್ಷದ ಹಿಂದೆ "ಇವ್ಳೇ" ಎಂದಾಗಲೂ ಅದೇ ದನಿಯಿತ್ತು.

ಹಠ ಬಂತು. "ಕಣ್ಣು ಮುಚ್ಕೋ ಅಕ್ಕ," ಎಂದೆ. "ಫೋಟೋ ಬೇಡ. ನೀನು ಚಿಕ್ಕೋಳಿದ್ದಾಗ ನೋಡಿದ ಅವ್ವನ್ನ ನೆನಸ್ಕೋ. ಹೆಂಗಿದ್ಲು ಹೇಳು."

ಅಕ್ಕ ಕಣ್ಣು ಮುಚ್ಚಿದಳು. ಹೊರಗೆ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಮೊರದ ಅಂಚು ಹಿಡಿದಿದ್ದ ಅವಳ ಬೆರಳು ಒಂದೆರಡು ಸಲ ಆಡಿದವು, ನಿಂತವು. ಕಡೆಗೆ ಕಣ್ಣು ತೆರೆದು, ನನ್ನನ್ನು ನೋಡದೆ ಅಕ್ಕಿಯನ್ನೇ ನೋಡುತ್ತಾ ಹೇಳಿದಳು.

"ಅದೇ ಬತ್ತದೆ ಕಣೋ. ಗೋಡೆ ಮ್ಯಾಲಿಂದೇ. ಬ್ಯಾರೇದು ಬರಾಕಿಲ್ಲ."

ಮೊರ ಪಕ್ಕಕ್ಕಿಟ್ಟು, "ಕಾಫಿ ಕುಡೀತೀಯಾ?" ಎಂದಳು.

ಕುಡಿದೆ. ಗೋಡೆಯ ಮೇಲಿನದನ್ನು ಮುಟ್ಟಲಿಲ್ಲ. ನಾನು ತಿದ್ದಿದ ಕೆನ್ನೆ ಅವ್ವನದೋ ಚಿಕ್ಕವ್ವನದೋ, ಅಂದಿನ ಅಕ್ಕ ಸರಿಯೋ ಇಂದಿನ ಅಕ್ಕ ಸರಿಯೋ, ಹೇಳಬಲ್ಲ ಚೂರುಗಳನ್ನು ನಾನು ಎಂದೋ ಉಸಿರಿನಲ್ಲಿ ಊದಿಬಿಟ್ಟಿದ್ದೆ. ಹೊರಡುವಾಗ ಅಕ್ಕ ನನಗಾಗಿ ಮುಂಬಾಗಿಲನ್ನು ಪೂರ್ತಿ ತೆಗೆದಳು. ಬಿಸಿಲು ಒಳಗೆ ಬಂತು.

ಕಾರ್ಬನ್ ಪ್ರಿಂಟನ್ನು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು ಕಪಾಟಿನಲ್ಲಿ ಇರಿಸಿದ್ದೇನೆ. ಹಿಂದುಗಡೆ ಯಾರ ಚಿತ್ರವೆಂದು ಪೆನ್ಸಿಲಿನಲ್ಲಿ ಬರೆದಿಡುವುದು ಪದ್ಧತಿ. ಪೆನ್ಸಿಲು ಕೆತ್ತಿ ಕೂತೆ, ಏನು ಬರೆಯಬೇಕೋ ತೋಚದೆ ಹಾಗೇ ಇಟ್ಟೆ. ಒಳಗೆ ಕತ್ತಲಿದೆ, ತೇವವಿಲ್ಲ, ಗಾಳಿಯಾಡುವುದಿಲ್ಲ. ಚೆನ್ನಾಗಿಯೇ ಇರಬೇಕು. ತೆಗೆದು ನೋಡಿಲ್ಲ.