ಬಣ್ಣ ಇಳಿದ ಬಾವಿ

ನಿಜಾಮರ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷವಿರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಓಣಿಗೆ ನೀರು ಹೊರುತ್ತಿದ್ದ ಚಾಚಾ ಕಮಲಾಪುರದವರು. ಪ್ರತಿ ಹೊಸ್ತಿಲಲ್ಲೂ ಕಾವಡಿ ಇಳಿಸಿ, ಒಂದು ಬೊಗಸೆ ಸುರಿದುಕೊಂಡು ಕುಡಿದು, "ಮೊದಲ ನನಗ, ಆಮ್ಯಾಲ ನಿಮಗ" ಎಂದು ನಕ್ಕು, ನಂತರವೇ ಕೊಡ ತುಂಬುತ್ತಿದ್ದರು.

ಒಂದು ಬೆಳಿಗ್ಗೆ ಅವರ ಕಾವಡಿಯ ಡಬ್ಬಗಳು ಖಾಲಿಯಿದ್ದವು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹೊಲಸು ನೀರು ಅವರು ಸೇದುತ್ತಿದ್ದ ಬಾವಿಗೆ ಇಳಿದಿತ್ತು. ಕೆಂಪು ಬಣ್ಣವೋ ನೀಲಿಯೋ, ಈಗ ಹೇಳಲಾರೆ.

"ನಾಲಿಗಿ ಉರಿಯಾಕತ್ತದ ಬಾಯಾರ. ಆ ನೀರು ಯಾರೂ ಮುಟ್ಟಬ್ಯಾಡ್ರಿ" ಎಂದರು ಚಾಚಾ, ಓಣಿಯ ಹೆಂಗಸರಿಗೆ.

"ನಿನ್ನೆ ತನಕ ಛಲೋ ಇತ್ತಲ್ಲೋ! ನೀನೇ ಏನರೆ ಹಾಕಿ ಬಂದಿಯೇನು?" ಎಂದಳು ಎದುರು ಮನೆಯ ಅತ್ತಿ.

ರಜಾಕಾರರ ಹಾವಳಿಯ ಸಿಟ್ಟು ಇನ್ನೂ ಆರದ ಆ ದಿನಗಳಲ್ಲಿ ಒಬ್ಬ ಸಾಬನನ್ನು ಠಾಣೆಗೆ ಎಳೆಸಲು ಅಷ್ಟು ಮಾತು ಸಾಕಿತ್ತು. ಚಾಚಾ ಕಾವಡಿ ಎತ್ತಿಕೊಂಡು ಊರಾಚೆಯ ಬಾವಿಗೆ ನಡೆದರು. ಮಧ್ಯಾಹ್ನ ಬೆವರಿನಲ್ಲಿ ತೊಯ್ದು ಮರಳಿದವರು ಮೊದಲು ನಿಂತದ್ದು ಅತ್ತಿಯ ಬಾಗಿಲಲ್ಲೇ.

"ಮನ್ಯಾಗ ಕೂಸದರೀ. ಬೈಯೋದಿದ್ರ ನಾಳಿಗಿ ಬೈರಿ, ಇವತ್ತ ಈ ನೀರು ತಗೋರಿ."

ಅತ್ತಿ ಒಳಗಿಂದ ಕೊಡ ತಂದು, ನಿನ್ನೆಯ ನೀರನ್ನೆಲ್ಲ ಬೀದಿಗೆ ಚೆಲ್ಲಿ, ಅವರ ಮುಂದಿಟ್ಟಳು.